ದೊರೆತ ತಿಂಗಳುಗಳ ಋಣ

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಒಂಟೆಯನ್ನು ಕಟ್ಟಿದ ನಂತರ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರ ಬೋಧನೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದ್ದೇವೆ. ಆದರೆ ಚಿಕಿತ್ಸೆಯು ರೋಗವನ್ನು ನಿರ್ಮೂಲಗೊಳಿಸದೆ, ಕೆಲವು ತಿಂಗಳುಗಳನ್ನು ಮಾತ್ರ ಒದಗಿಸಬಲ್ಲುದಾದರೆ? ಆ ತಿಂಗಳುಗಳಿಗಾಗಿ ಎಷ್ಟು ವ್ಯಯಿಸಬೇಕು? ರೋಗಿಗೆ ಎಷ್ಟು ತಿಳಿಸಬೇಕು? ಅವರ್ಸಾದ ನಮ್ಮ ಮನೆಯಲ್ಲಿ ಚಾಚಾರಿಗೆ ಜಠರದ ಕ್ಯಾನ್ಸರ್ ಇದೆಯೆಂದು ತಿಳಿದಾಗ ಈ ಪ್ರಶ್ನೆಗಳು ನಮ್ಮೆದುರು ನಿಂತವು. ರೋಗವು ಆಗಲೇ ಯಕೃತ್ತಿಗೆ ಹರಡಿದ್ದರಿಂದ ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು.

ಅಂಕೋಲಾ, ಕಾರವಾರಗಳ ಜನರು ಇಂತಹ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ದಾರಿ ಹಿಡಿಯುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಉದ್ದಗಲಕ್ಕೂ ಕೂಗು ಎದ್ದದ್ದು ಈ ಕಷ್ಟದಿಂದಲೇ. ನಾವೂ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟೆವು.

ಕೀಮೋಥೆರಪಿ ಆರಂಭಿಸುವ ಮೊದಲು ವೈದ್ಯರು, ಜಠರದಿಂದ ತೆಗೆದ ತುಣುಕನ್ನು ಹರ್-2 ಪರೀಕ್ಷೆಗೆ ಕಳುಹಿಸಿದರು. ಹರ್-2 ಎಂಬುದು ಜೀವಕೋಶದ ಮೇಲ್ಮೈಯಲ್ಲಿರುವ ಒಂದು ಪ್ರೋಟೀನ್. ಬೆಳೆಯಬೇಕೆಂಬ ಸಂದೇಶವನ್ನು ಕೋಶದೊಳಕ್ಕೆ ಮುಟ್ಟಿಸುವುದು ಅದರ ಕೆಲಸ. ಜಠರದ ಕ್ಯಾನ್ಸರ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಅತಿಯಾಗಿರುತ್ತದೆ. ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯವು ಈ ಪ್ರೋಟೀನಿಗೇ ಅಂಟಿಕೊಂಡು ಆ ಸಂದೇಶವನ್ನು ತಡೆಯುತ್ತದೆ ಮತ್ತು ದೇಹದ ರೋಗನಿರೋಧಕ ಕೋಶಗಳಿಗೆ ಗುರಿಯನ್ನು ತೋರಿಸಿಕೊಡುತ್ತದೆ. ಕೀಮೋಥೆರಪಿಯು ವೇಗವಾಗಿ ವಿಭಜನೆಯಾಗುವ ಕೋಶಗಳನ್ನು ಕೊಲ್ಲುತ್ತದೆ. ಎರಡರ ಮಾರ್ಗವೂ ಬೇರೆಯಾದುದರಿಂದ ಅವುಗಳನ್ನು ಜೊತೆಯಾಗಿ ನೀಡುತ್ತಾರೆ.

ಚಾಚಾರ ವರದಿಯು ಪಾಸಿಟಿವ್ ಬಂದಿತು. ವೈದ್ಯರು ಆಸೆ ಹುಟ್ಟಿಸುವ ಮಾತಿನ ಬದಲು ಅಂಕಿಗಳನ್ನು ಮುಂದಿಟ್ಟರು. 2010ರಲ್ಲಿ ಪ್ರಕಟವಾದ ‘ಟೋಗಾ’ ಅಧ್ಯಯನದಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಾಂಕ ಆಯುಸ್ಸು 11.1 ತಿಂಗಳಾಗಿದ್ದರೆ, ಪ್ರತಿಕಾಯವನ್ನೂ ಪಡೆದವರದ್ದು 13.8 ತಿಂಗಳಾಗಿತ್ತು. ಹರ್-2 ಹೆಚ್ಚು ಪ್ರಮಾಣದಲ್ಲಿದ್ದವರಲ್ಲಿ ಅದು 16 ತಿಂಗಳು. ಮಧ್ಯಾಂಕವೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಕಡಿಮೆ ಬದುಕಿದರೆಂದು ಅರ್ಥ. ಅದು ಯಾರೊಬ್ಬರ ಹಣೆಬರಹವೂ ಅಲ್ಲ.

ಮನೆಯಲ್ಲಿ ಎರಡು ಅಭಿಪ್ರಾಯಗಳು ಎದ್ದವು. ಆಯುಸ್ಸು ಅಲ್ಲಾಹನ ಕೈಯಲ್ಲಿರುವಾಗ ಇಷ್ಟೆಲ್ಲ ಏಕೆಂದು ಕೆಲವರು ಕೇಳಿದರು. ತೋಟವನ್ನು ಮಾರಿಯಾದರೂ ಚಿಕಿತ್ಸೆ ಕೊಡಿಸೋಣವೆಂದು ಉಳಿದವರು ಹಟ ಹಿಡಿದರು. ರೋಗಿಗೆ ಏನನ್ನೂ ತಿಳಿಸಬಾರದೆಂಬುದರಲ್ಲಿ ಮಾತ್ರ ಎರಡೂ ಕಡೆಯವರಿಗೆ ಒಮ್ಮತವಿತ್ತು! ಅದನ್ನು ಮುರಿದವರು ಚಾಚಾರೇ. “ನನ್ನ ದೇಹದ ವಿಷಯ ನನಗೆ ಗೊತ್ತಿರಬೇಡವೇ? ಕೊಡಬೇಕಾದ ಸಾಲವಿದೆ, ಬರೆಯಬೇಕಾದ ವಸಿಯ್ಯತ್ ಇದೆ” ಎಂದರು. ಎಲ್ಲವನ್ನೂ ಕೇಳಿಸಿಕೊಂಡು ಚಿಕಿತ್ಸೆಗೆ ಒಪ್ಪಿದರು, ಆದರೆ ತೋಟ ಮಾರಲು ಒಪ್ಪಲಿಲ್ಲ.

ಖರ್ಚನ್ನು ನಿಭಾಯಿಸಲು ಸಾಧ್ಯವಾದುದಕ್ಕೆ ಒಂದು ಕಾರಣ ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಬಯೋಸಿಮಿಲರ್. ಅದು ಬಂದದ್ದು ಸ್ತನ ಕ್ಯಾನ್ಸರಿಗಾಗಿ. ಮುಂದೆ ಇತರ ಕಂಪನಿಗಳೂ ಇಂತಹವನ್ನು ತಯಾರಿಸಿದ್ದರಿಂದ ಟ್ರಾಸ್ಟುಜುಮಾಬ್ ಮಧ್ಯಮ ವರ್ಗದವರ ಕೈಗೂ ಎಟಕುವಂತಾಯಿತು. ಉಳಿದುದನ್ನು ಕುಟುಂಬದವರು ಹಂಚಿಕೊಂಡೆವು.

21 ದಿನಗಳಿಗೊಮ್ಮೆ ಪಯಣ. ಆರು ಸುತ್ತು ಕೀಮೋ, ಬಳಿಕ ಪ್ರತಿಕಾಯ ಮಾತ್ರ. ಈ ಔಷಧಿಯು ಹೃದಯವನ್ನು ದುರ್ಬಲಗೊಳಿಸಬಹುದಾದ್ದರಿಂದ ಆಗಾಗ ಎಕೋ ಪರೀಕ್ಷೆ. ವಾಂತಿ, ಬೆರಳುಗಳ ಜೋಮು, ರುಚಿಯಿಲ್ಲದ ನಾಲಗೆ ಎಲ್ಲವೂ ಇದ್ದವು. ರಮಝಾನ್ ಬಂದಾಗ ಉಪವಾಸಕ್ಕೆ ಹಟ ಹಿಡಿದ ಚಾಚಾರಿಗೆ, ರೋಗಿಗೆ ಅಲ್ಲಾಹನು ನೀಡಿದ ರಿಯಾಯಿತಿಯನ್ನು ಸ್ವೀಕರಿಸುವುದೂ ವಿಧೇಯತೆಯೇ ಎಂದು ಇಮಾಮರು ತಿಳಿಹೇಳಿದರು. ಅವರು ಫಿದ್ಯಾ ನೀಡಿದರು. ಸಾಲ ತೀರಿಸಿದರು. ಮುನಿಸಿಕೊಂಡಿದ್ದ ತಮ್ಮನನ್ನು ಕರೆಸಿ ಜೊತೆಗೆ ಕುಳಿತು ಮೀನು ಸಾರು ಉಂಡರು. ಹದಿನೈದನೆಯ ತಿಂಗಳಿನಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು.

ಆ ಹೆಚ್ಚುವರಿ ದಿನಗಳು ಔಷಧಿಯಿಂದಲೇ ಬಂದವೆಂದು ನಾವು ಆಣೆ ಮಾಡಲಾರೆವು. ಆದರೆ ಅವುಗಳಲ್ಲಿ ನಡೆದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಪ್ರಿಯ ಓದುಗರೇ, ಇಂತಹ ಪರೀಕ್ಷೆ ನಿಮ್ಮ ಮನೆಗೆ ಬಂದರೆ ಹರ್-2 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ. ಅದು ನೆಗೆಟಿವ್ ಆದರೆ ನಿರಾಶರಾಗದಿರಿ. ನಿವೊಲುಮಾಬ್ ಎಂಬ ಬೇರೊಂದು ಪ್ರತಿಕಾಯವನ್ನು ಕೀಮೋ ಜೊತೆ ನೀಡಿದಾಗ ಪಿಡಿ-ಎಲ್1 ಹೆಚ್ಚಿರುವವರ ಮಧ್ಯಾಂಕ ಆಯುಸ್ಸು 11.1ರಿಂದ 14.4 ತಿಂಗಳಿಗೆ ಏರಿತೆಂದು 2021ರ ಅಧ್ಯಯನವು ತೋರಿಸಿದೆ. ಅದರ ಬೆಲೆ ಮಾತ್ರ ಬಹಳ ದುಬಾರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವುದು ಸಿಗುತ್ತದೆಂದು ಆಸ್ಪತ್ರೆಯಲ್ಲೇ ವಿಚಾರಿಸಿರಿ. ಹಸಿವು ಕುಗ್ಗುವುದು, ತೂಕ ಇಳಿಯುವುದು, ಮಲ ಕಪ್ಪಾಗುವುದು ಕಂಡರೆ ಎಂಡೋಸ್ಕೋಪಿಗೆ ತಡಮಾಡದಿರಿ. ಎಲ್ಲಕ್ಕಿಂತ ಮಿಗಿಲಾಗಿ, ರೋಗಿಯಿಂದ ಸತ್ಯವನ್ನು ಮುಚ್ಚಿಡದಿರಿ. ತನ್ನ ಲೆಕ್ಕವನ್ನು ತಾನೇ ಸರಿಪಡಿಸಿಕೊಳ್ಳುವ ಅವಕಾಶವು ಅವನ ಹಕ್ಕು.