ಚೆರ್ರಿ ಬೀದಿಯಿಂದ ನಲವತ್ತೈದನೆಯ ಬೀದಿಗೆ

ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವವರಿಗೆ ಕಾಣುವ ಕೆಂಪು ಇಟ್ಟಿಗೆಯ ಭವ್ಯ ಕಟ್ಟಡ 1900ರಲ್ಲಿ ತೆರೆದದ್ದು. ಅದಕ್ಕೆ ಮುನ್ನ ಅಲ್ಲಿದ್ದ ಮರದ ಕಟ್ಟಡ 1897ರ ಬೆಂಕಿಗೆ ಆಹುತಿಯಾಯಿತು. ಸುಟ್ಟುಹೋದ ಆ ಕಟ್ಟಡದ ಹೊಸ್ತಿಲನ್ನು 1893ರ ಸೆಪ್ಟೆಂಬರಿನಲ್ಲಿ ದಾಟಿದವರಲ್ಲಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಬೇಲಿನ್ ಎಂಬ ಯಹೂದಿ ಕುಟುಂಬವೂ ಒಂದು. ಅವರ ಐದು ವರ್ಷದ ಕಿರಿಯ ಮಗ ಇಸ್ರೇಲನೇ ಮುಂದೆ ಅರ್ವಿಂಗ್ ಬರ್ಲಿನ್ ಎಂಬ ಹೆಸರಿನಿಂದ ಅಮೆರಿಕದ ರಂಗಗೀತೆಗಳ ದೊರೆಯಾದ.

ಮ್ಯಾನ್‌ಹಟನ್ನಿನ ಆಗ್ನೇಯ ಮೂಲೆಯ ಚೆರ್ರಿ ಬೀದಿಯಲ್ಲಿ ಕುಟುಂಬ ನೆಲೆಸಿತು. ಅಂದಿನ ಇಕ್ಕಟ್ಟಾದ ಬಾಡಿಗೆಮನೆಗಳ ಸಾಲು ಅಲ್ಲಿ ಈಗ ಉಳಿದಿಲ್ಲ. ಎತ್ತರದ ವಸತಿ ಸಮುಚ್ಚಯಗಳು ಎದ್ದಿವೆ. ಮನೆಯೊಳಗೆ ಯಿಡ್ಡಿಷ್, ಬೀದಿಯಲ್ಲಿ ಇಂಗ್ಲಿಷ್: ಹುಡುಗ ಬೆಳೆದದ್ದು ಹೀಗೆ. ಯಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದ ತಂದೆ 1901ರಲ್ಲಿ ತೀರಿಕೊಂಡರು. ತನ್ನ ಗಳಿಕೆ ಮನೆಗೆ ಸಾಲದೆಂದು ನೊಂದ ಬಾಲಕ ಮನೆ ಬಿಟ್ಟು, ಬೀದಿಯಲ್ಲೂ ಪಾನಗೃಹಗಳಲ್ಲೂ ಹಾಡಿ ಕಾಸು ಕೂಡಿಸತೊಡಗಿದ.

ಚೆರ್ರಿ ಬೀದಿಯಿಂದ ಚೀನೀಯರ ಕೇರಿಯ ಪೆಲ್ ಬೀದಿಗೆ ನಡೆದೇ ಹೋಗಬಹುದು. ಅಲ್ಲಿನ ಪೆಲ್‌ಹ್ಯಾಮ್ ಕೆಫೆಯಲ್ಲಿ ಆತ ಹಾಡುವ ಪರಿಚಾರಕನಾಗಿದ್ದ. 1907ರಲ್ಲಿ ಪಿಯಾನೋ ವಾದಕನೊಬ್ಬನ ಮಟ್ಟಿಗೆ ಸಾಹಿತ್ಯ ಬರೆದು ಅಚ್ಚಾದ ಮೊದಲ ಹಾಡಿನಿಂದ ಆತನ ಪಾಲಿಗೆ ಬಂದದ್ದು 37 ಸೆಂಟು. ಅದರ ಮುಖಪುಟದ ಮೇಲೆಯೇ ಬೇಲಿನ್ ಎಂಬುದು ಬರ್ಲಿನ್ ಆಯಿತು.

ಅಲ್ಲಿಂದ ಉತ್ತರಕ್ಕೆ, ಇಪ್ಪತ್ತೆಂಟನೆಯ ಬೀದಿಯಲ್ಲಿ ಹಾಡು ಅಚ್ಚುಹಾಕುವವರ ಮಳಿಗೆಗಳಿದ್ದವು. ಕಿಟಕಿಕಿಟಕಿಯಿಂದ ಹೊಮ್ಮುತ್ತಿದ್ದ ಪಿಯಾನೋಗಳ ಗದ್ದಲ ತಗಡಿನ ಪಾತ್ರೆ ಬಡಿದಂತೆ ಕೇಳುತ್ತಿದ್ದುದರಿಂದ ಅದಕ್ಕೆ ‘ಟಿನ್ ಪ್ಯಾನ್ ಆಲಿ’ ಎಂಬ ಹೆಸರು ಬಂತೆನ್ನುತ್ತಾರೆ. ಉಳಿದಿರುವ ಐದು ಹಳೆಯ ಕಟ್ಟಡಗಳಿಗೆ 2019ರಲ್ಲಿ ನಗರವು ಸಂರಕ್ಷಿತ ಸ್ಥಾನ ನೀಡಿತು. ಈ ಉದ್ಯಮದಲ್ಲಿ 1911ರ ‘ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’ ಬರ್ಲಿನ್ನನಿಗೆ ಜಗತ್ತಿನ ಬಾಗಿಲು ತೆರೆಯಿತು. ಅಚ್ಚರಿಯೆಂದರೆ, ಆತನಿಗೆ ಸ್ವರಲಿಪಿ ಓದಲು ಬರೆಯಲು ಬಾರದು. ನುಡಿಸುತ್ತಿದ್ದುದೂ ಬಹುತೇಕ ಕಪ್ಪು ಮನೆಗಳ ಮೇಲೆ, ಒಂದೇ ಶ್ರುತಿಯಲ್ಲಿ; ನಮ್ಮ ಹಾರ್ಮೋನಿಯಂ ಬಲ್ಲವರು ‘ಕಪ್ಪು ಮೂರು’ ಎನ್ನುವ ಶ್ರುತಿ ಅದು. ಬೇರೆ ಶ್ರುತಿ ಬೇಕಾದಾಗ ಪಿಯಾನೋಗೆ ಅಳವಡಿಸಿದ್ದ ಸನ್ನೆಗೋಲನ್ನು ಸರಿಸುತ್ತಿದ್ದ. ಮನಸ್ಸಿನ ರಾಗವನ್ನು ಸಹಾಯಕರು ಕಾಗದಕ್ಕಿಳಿಸುತ್ತಿದ್ದರು.

ನಲವತ್ತೈದನೆಯ ಬೀದಿಯಲ್ಲಿ ಆತ ಪಾಲುದಾರನೊಡನೆ 1921ರಲ್ಲಿ ಕಟ್ಟಿಸಿದ ‘ಮ್ಯೂಸಿಕ್ ಬಾಕ್ಸ್’ ರಂಗಮಂದಿರ ಇಂದಿಗೂ ನಾಟಕಗಳಿಂದ ತುಂಬಿದೆ. ಅದೇ ಬೀದಿಯ ‘ಇಂಪೀರಿಯಲ್’ನಲ್ಲಿ 1946ರಲ್ಲಿ ‘ಆ್ಯನಿ ಗೆಟ್ ಯುವರ್ ಗನ್’ ಆರಂಭವಾಗಿ 1,147 ಪ್ರಯೋಗ ಕಂಡಿತು. ಸಂಗೀತ ನೀಡಬೇಕಿದ್ದ ಜೆರೋಮ್ ಕರ್ನ್ ಹಠಾತ್ತನೆ ತೀರಿಕೊಂಡಾಗ ಬರ್ಲಿನ್ನನಿಗೆ ಒಲಿದ ಹೊಣೆ ಅದು.

ರಂಗಮಂದಿರಗಳಿಗಿಂತಲೂ ದೂರ ಹೋದದ್ದು ಮತ್ತೊಂದು ಹಾಡು. 1918ರಲ್ಲಿ ಸೈನಿಕನಾಗಿದ್ದಾಗ ಬರೆದು ಬದಿಗಿಟ್ಟಿದ್ದ ‘ಗಾಡ್ ಬ್ಲೆಸ್ ಅಮೆರಿಕ’ವನ್ನು ತಿದ್ದಿ, 1938ರಲ್ಲಿ ಗಾಯಕಿ ಕೇಟ್ ಸ್ಮಿತ್ ಅವರಿಗೆ ಕೊಟ್ಟ. ಆ ಮಾತು ಬಡತನದ ನಡುವೆಯೂ ತಾಯಿಯ ಬಾಯಲ್ಲಿ ಕೇಳಿದ್ದಂತೆ. ವಲಸೆ ಬಂದ ಯಹೂದಿಗೆ ಇಂಥ ಹಾಡು ಕಟ್ಟುವ ಹಕ್ಕೆಲ್ಲಿಯದು ಎಂದು ಜನಾಂಗದ್ವೇಷಿಗಳು ಬಹಿಷ್ಕಾರ ಹೂಡಿದರು. ಬರ್ಲಿನ್ ವಾದಕ್ಕಿಳಿಯುವ ಬದಲು, ಅದರ ಗೌರವಧನವನ್ನೆಲ್ಲ ಬಾಲಕ ಬಾಲಕಿಯರ ಸ್ಕೌಟ್ ಸಂಸ್ಥೆಗಳಿಗೆ ಬಿಟ್ಟುಕೊಟ್ಟ.

ಪೂರ್ವ ನದಿಯ ಸಮೀಪದ ಬೀಕ್‌ಮನ್ ಪ್ಲೇಸ್‌ನಲ್ಲಿರುವ ಆತನ ಕೊನೆಯ ಮನೆ ಈಗ ಲಕ್ಸೆಂಬರ್ಗ್ ದೇಶದ ಕಚೇರಿ. 1989ರ ಸೆಪ್ಟೆಂಬರ್ 22ರಂದು, 101ರ ವಯಸ್ಸಿನಲ್ಲಿ, ಆತ ಕಣ್ಣುಮುಚ್ಚಿದ್ದು ಅಲ್ಲಿಯೇ. ಬ್ರಾಂಕ್ಸ್‌ನ ವುಡ್‌ಲಾನ್ ಸ್ಮಶಾನದಲ್ಲಿ ಪತ್ನಿ ಎಲಿನ್ ಪಕ್ಕದಲ್ಲಿ ಆತನ ಸಮಾಧಿಯಿದೆ. 1928ರ ಕ್ರಿಸ್‌ಮಸ್ ದಿನ ತೀರಿಕೊಂಡ ಮೂರು ವಾರದ ಮಗನನ್ನೂ ಅಲ್ಲಿಯೇ ಮಣ್ಣುಮಾಡಲಾಗಿದೆ. 1942ರಿಂದ ಲೋಕವೆಲ್ಲ ಸಂಭ್ರಮದಿಂದ ಹಾಡುತ್ತ ಬಂದಿರುವ ‘ವೈಟ್ ಕ್ರಿಸ್‌ಮಸ್’ ಬರೆದವನೂ ಈ ಮಗುವಿನ ತಂದೆಯೇ.