ಓದಿದ ಹುಕುಂ, ತೆರೆಯದ ಬಾಗಿಲು

ಅಂಕೆ ಮೀರಿದವರನ್ನು ಗದರಿಸಿ, ಇನ್ನು ಸಹಿಸುವುದಿಲ್ಲವೆಂದು ಕಟುವಾಗಿ ಎಚ್ಚರಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರಾಯಟ್ ಆ್ಯಕ್ಟ್ ಓದುವುದು’ ಎಂಬ ನುಡಿಗಟ್ಟಿದೆ. ಇಂದು ಮನೆ, ಶಾಲೆಗಳಲ್ಲೂ ಸಲ್ಲುವ ಈ ಮಾತಿನ ಹಿಂದೆ ಒಮ್ಮೆ ನೇಣುಗಂಬವೇ ಇತ್ತು. 1715ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದ ದೊಂಬಿ ಕಾಯ್ದೆಯಂತೆ, ಹನ್ನೆರಡು ಅಥವಾ ಅದಕ್ಕೂ ಹೆಚ್ಚು ಜನ ಶಾಂತಿಭಂಗವಾಗುವಂತೆ ಗುಂಪುಗೂಡಿದಾಗ ಮ್ಯಾಜಿಸ್ಟ್ರೇಟನು ದೊರೆಯ ಹೆಸರಿನ ಘೋಷಣೆಯನ್ನು ಅವರೆದುರು ಗಟ್ಟಿಯಾಗಿ ಓದಬೇಕಿತ್ತು. ಅದಾಗಿ ಒಂದು ಗಂಟೆ ಕಳೆದರೂ ಚದುರದೆ ಉಳಿದವರಿಗೆ ಮರಣದಂಡನೆ ಕಾದಿತ್ತು. ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ಕೊನೆಯ ವಾಕ್ಯವನ್ನು ಬಿಟ್ಟು ಓದಿದ ಕಾರಣಕ್ಕೆ ಆ ಓದೇ ಅಸಿಂಧುವೆಂದು ನ್ಯಾಯಾಲಯ ಹೇಳಿದ್ದೂ ಉಂಟು.

ಈ ಕಾಯ್ದೆಯನ್ನು ಕಿತ್ತೂರು ಸಂಸ್ಥಾನದಲ್ಲಿ ಯಾರೂ ಓದಲಿಲ್ಲ. ಆದರೆ ಅದರ ಹಿಂದಿನ ಧೋರಣೆಯನ್ನು ಬೈಲಹೊಂಗಲ ಸೀಮೆಯ ಜನ 1824ರಲ್ಲಿ ಕಣ್ಣಾರೆ ಕಂಡರು. ಆ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಒಡೆಯ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡ ಮೇಲೆ, ಆತ ಪಡೆದ ದತ್ತಕವನ್ನು, ಅಂದರೆ ಸಂಸ್ಥಾನದ ವಾರಸಿಕೆಗಾಗಿ ಮಗನನ್ನು ಸ್ವೀಕರಿಸಿದ್ದನ್ನು, ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡದೆ ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟ. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ ದತ್ತಕ ನಿರಾಕರಣೆಯ ನೀತಿ ಬರುವುದಕ್ಕೆ ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲವಿತ್ತು ಎಂಬುದನ್ನು ಇಲ್ಲಿ ನೆನೆಯಲೇಬೇಕು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯುವಂತೆ ಥ್ಯಾಕರೆ ಗಡುವು ಕೊಟ್ಟು ಆಜ್ಞೆ ಮಾಡಿದಾಗ ಬಾಗಿಲು ತೆರೆಯಲಿಲ್ಲ. ತೋಪುಗಳನ್ನು ಮುಂದೊಡ್ಡಿದಾಗ ಅದು ತಟ್ಟನೆ ತೆರೆದು, ಒಳಗಿನ ಪಡೆ ಹೊರಗೆ ನುಗ್ಗಿತು. ಥ್ಯಾಕರೆಯೂ ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಅಧಿಕಾರಿಗಳೂ ಸತ್ತರು. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಯಾದರು. ಮುಂದೆ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿ ಇತಿಹಾಸಕಾರರಿಗೆ ಉಪಕಾರ ಮಾಡಿದವನು ಇದೇ ಎಲಿಯಟ್.

ಗುಂಪಿಗೆ ಚದುರಲು ಹೇಳುವ ಘೋಷಣೆ, ಕೇಳುವವರು ದೊರೆಯ ಪ್ರಜೆಗಳೆಂಬುದನ್ನು ಮೊದಲೇ ಖಚಿತಪಡಿಸಿಕೊಂಡಿರುತ್ತದೆ. ಕಿತ್ತೂರಿನಲ್ಲಿ ವಿವಾದವಿದ್ದದ್ದೇ ಆ ವಿಷಯದಲ್ಲಿ. ದತ್ತಕ ಮನೆತನದ ಹಕ್ಕೆಂದು ಕಿತ್ತೂರಿನ ರಾಣಿ ಚೆನ್ನಮ್ಮ ತಿಳಿದಿದ್ದಳು, ಕಂಪನಿಯ ಒಪ್ಪಿಗೆ ಬೇಕೆಂದು ಥ್ಯಾಕರೆ ನಂಬಿದ್ದ. ಇಂಥ ಪ್ರಶ್ನೆಯನ್ನು ವಿಚಾರಣೆಯಿಂದ ಬಗೆಹರಿಸುವ ಬದಲು ಗಡುವು ಮತ್ತು ತೋಪುಗಳಿಂದ ಮುಗಿಸಹೊರಟದ್ದು ಅನ್ಯಾಯವೇ ಸರಿ. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, ರಾಣಿ ಸೆರೆಯಾದಳು. ಬೈಲಹೊಂಗಲದ ಸೆರೆಯಲ್ಲೇ ರಾಣಿ 1829ರಲ್ಲಿ ತೀರಿಕೊಂಡಳು.