ದುಡಿಯುವ ಕೈ, ನಿಂತ ಕಾಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಗೆಸೊಪ್ಪಿನ ಊರುಗಳಲ್ಲಿ ನಡುವಯಸ್ಸು ದಾಟಿದವರ ಮೀನಖಂಡದ ಮೇಲೆ ಹೊಸೆದ ಹಗ್ಗದಂತೆ ನರ ಉಬ್ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಸಂಜೆಗೆ ಪಾದ ಊದುತ್ತದೆ, ಬೆರಳೊತ್ತಿದರೆ ಗುಂಡಿ ಬೀಳುತ್ತದೆ, ಕಣಕಾಲಿನ ಒಳಬದಿಯ ಚರ್ಮ ಕಪ್ಪಾಗುತ್ತದೆ. ‘ದುಡಿದು ಸವೆದ ಕಾಲು’ ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಾಲನ್ನು ಕೆಡಿಸುವುದು ದುಡಿಮೆಯಲ್ಲ, ದುಡಿಯುವಾಗ ಕಾಲು ಅಲುಗಾಡದೆ ಇರುವುದು.

ಪಾದಕ್ಕಿಳಿದ ರಕ್ತ ಮತ್ತೆ ಎದೆಗೆ ಏರಬೇಕಾದರೆ ಮೀನಖಂಡದ ಸ್ನಾಯು ಹಿಂಡಿ ಮೇಲೆ ತಳ್ಳಬೇಕು. ತಳ್ಳಿದ್ದು ಕೆಳಗೆ ಜಾರದಂತೆ ಅಭಿಧಮನಿಗಳೊಳಗೆ ಪುಟ್ಟ ಕವಾಟಗಳಿವೆ. ಅವುಗಳ ಕೆಲಸವನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲೇ ವಿವರಿಸಿದ್ದ. ಸುಮ್ಮನೆ ನಿಂತಾಗ ಕಣಕಾಲಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿ.ಮೀ. ಪಾದರಸದಷ್ಟಿರುತ್ತದೆ, ಆರೋಗ್ಯವಂತರು ನಾಲ್ಕು ಹೆಜ್ಜೆ ನಡೆದರೆ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಈಗ ಹಂಗಾಮಿನ ಕೆಲಸ ನೋಡಿ. ಹಸಿ ಎಲೆಯನ್ನು ಕೋಲಿಗೆ ಕಟ್ಟುವಾಗ, ಒಣಗಿದ್ದನ್ನು ಬಣ್ಣ ನೋಡಿ ಬೇರ್ಪಡಿಸುವಾಗ ಕೈಗೆ ಬಿಡುವಿಲ್ಲ, ಕಾಲಿಗೆ ಚಲನೆಯಿಲ್ಲ. ಎಲೆ ಒಣಗಿಸುವ ಬ್ಯಾರನ್ ಒಳಗಿನ ಶಾಖ ಕೊನೆಯ ಹಂತದಲ್ಲಿ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಒಲೆಯ ಮುಂದೆ ಕಾಯುವವರ ಕಾಲಿನ ರಕ್ತನಾಳ ಆ ಬಿಸಿಗೆ ಇನ್ನಷ್ಟು ಹಿಗ್ಗುತ್ತದೆ.

ಒಂದೇ ಕೆಲಸ ಮಾಡಿದ ಎಲ್ಲರಿಗೂ ಕಾಲಿನ ಈ ತೊಂದರೆ ಏಕೆ ಬರುವುದಿಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಂಶ, ಬಸಿರು, ಬೊಜ್ಜು ಇವೆಲ್ಲ ಕವಾಟವನ್ನು ಸಡಿಲಿಸುತ್ತವೆ. ಆದರೆ ವಂಶವನ್ನು ಬದಲಿಸಲಾಗದು, ಕೆಲಸದ ರೀತಿಯನ್ನು ಬದಲಿಸಬಹುದು. ಕೂತು ಮಾಡಿದರೆ ಸಾಲದೇ ಎನ್ನುವವರಿಗೂ ಉತ್ತರ ಅದೇ: ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂತರೂ ರಕ್ತ ಅಲ್ಲೇ ತಂಗುತ್ತದೆ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ರಾತ್ರಿ ಕಾಲನ್ನು ದಿಂಬಿನ ಮೇಲಿಡಬೇಕು. ಬಿಗಿ ಕಾಲುಚೀಲವೂ ಒಳ್ಳೆಯದೇ, ಆದರೆ ಬೀಡಿ ಸಿಗರೇಟು ಸೇದುವವರು ವೈದ್ಯರನ್ನು ಕೇಳದೆ ಹಾಕಬಾರದು. ಹೊಗೆ ಕೆಡಿಸುವುದು ಮುಖ್ಯವಾಗಿ ರಕ್ತವನ್ನು ಕಾಲಿಗೆ ಇಳಿಸುವ ಅಪಧಮನಿಯನ್ನು. ಅದು ಕಿರಿದಾಗಿದ್ದರೆ ಬಿಗಿತದಿಂದ ಪಾದಕ್ಕೇ ಅಪಾಯ. ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಬಿಡುವುದು ಅದರ ಗುರುತು.

ಸೊಪ್ಪು ಕಟ್ಟಿಸುವ ಮಾಲೀಕರಲ್ಲಿ ಒಂದು ವಿನಂತಿ: ಗಂಟೆಗೊಮ್ಮೆ ಐದು ನಿಮಿಷ ಆಳುಗಳನ್ನು ನಡೆಯಲು ಬಿಡಿ, ಆ ಹೊತ್ತಿನ ಕೂಲಿ ಹಿಡಿಯಬೇಡಿ. ಕಣಕಾಲಿನ ಚರ್ಮ ಕಪ್ಪಾಗಿದ್ದರೆ ಹುಣ್ಣಾಗುವವರೆಗೆ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕಳಿಸಿ. ಹುಣ್ಣಾದರೆ ಮಾಯಲು ತಿಂಗಳುಗಳೇ ಹಿಡಿಯುತ್ತವೆ.